ಜನಸಂಖ್ಯೆ ಲೆಕ್ಕಕ್ಕೆ ಕ್ಯಾಸಿಯೊ ಎಫ್‌ಎಕ್ಸ್-82ಎಂಎಸ್: ಎಲ್ಲಿ ಸಾಕು, ಎಲ್ಲಿ ಕೈಕೊಡುತ್ತದೆ

ಸ್ಟೇಷನರಿ ಅಂಗಡಿಯಲ್ಲಿ ‘ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೊಡಿ’ ಅಂದರೆ ಬಹುತೇಕ ಕಡೆ ಮೊದಲು ಕೌಂಟರಿಗೆ ಬರುವುದು ಕ್ಯಾಸಿಯೊ ಎಫ್‌ಎಕ್ಸ್-82ಎಂಎಸ್. ಎರಡು ಸಾಲಿನ ತೆರೆ: ಮೇಲಿನ ಸಾಲಿನಲ್ಲಿ ನೀವು ಒತ್ತಿದ್ದು, ಕೆಳಗಿನ ಸಾಲಿನಲ್ಲಿ ಉತ್ತರ. ಅದು ಮಾಡುವ ಎಲ್ಲ ಕೆಲಸದ ವಿಮರ್ಶೆ ಇದಲ್ಲ. ಒಂದೇ ಜಾತಿಯ ಲೆಕ್ಕವನ್ನು ಕೊಟ್ಟು ಅದು ಹೇಗೆ ನಿಭಾಯಿಸುತ್ತದೆ ಎಂದು ನೋಡಿದ್ದು. ಬೀಜಗಣಿತ ಓದುವವರಿಗೂ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿಗೂ, ಅರ್ಥಶಾಸ್ತ್ರ–ಭೂಗೋಳದ ವಿದ್ಯಾರ್ಥಿಗಳಿಗೂ ಎದುರಾಗುವ ಜನಸಂಖ್ಯೆ ಬೆಳವಣಿಗೆಯ ವಾಕ್ಯರೂಪದ ಲೆಕ್ಕ ಅದು. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಈ ಕೆಲಸಕ್ಕೆ ಇದು ಧಾರಾಳ ಸಾಕು. ಆದರೆ ಕೊಂಡ ದಿನವೇ ಒಂದು ಸೆಟ್ಟಿಂಗ್ ಬದಲಿಸಬೇಕು, ಎರಡು ಕಡೆ ಬ್ರಾಕೆಟ್ ಹಾಕುವುದು ಕೈಗೆ ರೂಢಿಯಾಗಬೇಕು. ಇಲ್ಲವಾದರೆ ಅದು ಬಹಳ ಗಂಭೀರ ಮುಖ ಹೊತ್ತು ತಪ್ಪು ಉತ್ತರ ಕೊಡುತ್ತದೆ.

ಲೆಕ್ಕ ಹೀಗಿದೆ. 2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5,28,50,562. 2011ರಲ್ಲಿ 6,10,95,297. ಪ್ರತಿ ವರ್ಷ ಒಂದೇ ದರದಲ್ಲಿ ಬೆಳೆದಿದೆ ಎಂದಿಟ್ಟುಕೊಂಡರೆ ವಾರ್ಷಿಕ ದರ ಎಷ್ಟು? ಅದೇ ದರ ಮುಂದುವರಿದರೆ ಎರಡು ಪಟ್ಟಾಗಲು ಎಷ್ಟು ವರ್ಷ ಬೇಕು? ಎರಡೂ ಗಣತಿಗಳ ಉಲ್ಲೇಖ ದಿನ ಮಾರ್ಚ್ 1 ಆದ್ದರಿಂದ ನಡುವಿನ ಅವಧಿ ಸರಿಯಾಗಿ 10 ವರ್ಷ.

ಕಾಗದದ ಮೇಲಿನ ಕೆಲಸವನ್ನು ಯಂತ್ರ ಮಾಡಿಕೊಡುವುದಿಲ್ಲ. ಕೊನೆಯ ಸಂಖ್ಯೆ = ಮೊದಲ ಸಂಖ್ಯೆ × (1 + ದರ)^ವರ್ಷ. ಚಕ್ರಬಡ್ಡಿಯ ಸೂತ್ರವೇ ಇದು. ಅಸಲಿನ ಜಾಗದಲ್ಲಿ ಜನ ಬಂದಿದ್ದಾರೆ ಅಷ್ಟೆ. ದರ ಬೇಕಿದ್ದರೆ ಎರಡೂ ಕಡೆ ಮೊದಲ ಸಂಖ್ಯೆಯಿಂದ ಭಾಗಿಸಿ, ಹತ್ತನೇ ಮೂಲ ತೆಗೆದು, 1 ಕಳೆಯಬೇಕು. ವರ್ಷ ಬೇಕಿದ್ದರೆ ಲಾಗ್ ತೆಗೆಯಬೇಕು. 82ಎಂಎಸ್‌ನಲ್ಲಿ ಸಮೀಕರಣ ಬಿಡಿಸುವ ‘ಸಾಲ್ವ್’ ಇಲ್ಲದ್ದರಿಂದ ಈ ಹೆಜ್ಜೆಗಳನ್ನು ನೀವೇ ಇಡಬೇಕು. ಕಲಿಯುವವರಿಗೆ ಇದು ಕೊರತೆಯಲ್ಲ.

ಹತ್ತನೇ ಮೂಲಕ್ಕೆ ಎರಡು ದಾರಿ ಇವೆ. ಒಂದು, ಟೋಪಿ ಗುರುತಿನ ಕೀಲಿ: (61095297 ÷ 52850562) ^ (1 ÷ 10) =. ಇನ್ನೊಂದು, ಅದೇ ಕೀಲಿಯ ಮೇಲೆ ಶಿಫ್ಟ್ ಒತ್ತಿದರೆ ಸಿಗುವ ಮೂಲದ ಚಿಹ್ನೆ: 10, ಶಿಫ್ಟ್, ^, ನಂತರ (61095297 ÷ 52850562) =. ಎರಡರಲ್ಲೂ 1.01460224 ಬರುತ್ತದೆ. 1 ಕಳೆದು 100ರಿಂದ ಗುಣಿಸಿದರೆ ವಾರ್ಷಿಕ ದರ ಶೇ. 1.46. ಎರಡನೆಯ ದಾರಿಯೇ ಮೇಲು. ಒಂದು ಜೊತೆ ಬ್ರಾಕೆಟ್ ಕಡಿಮೆ, ಅಷ್ಟರಮಟ್ಟಿಗೆ ತಪ್ಪುವ ಜಾಗವೂ ಕಡಿಮೆ.

ತಪ್ಪುವುದು ಹೇಗೆ ಎಂಬುದನ್ನು ತೆರೆಯ ಮೇಲಿನ ಸಂಖ್ಯೆಯೇ ಹೇಳುತ್ತದೆ. ಮೊದಲ ಬ್ರಾಕೆಟ್ ಬಿಟ್ಟು 61095297 ÷ 52850562 ^ (1 ÷ 10) ಎಂದು ಒತ್ತಿದರೆ ಯಂತ್ರ ಘಾತವನ್ನು ಮೊದಲು ಮಾಡಿ, ಆಮೇಲೆ ಭಾಗಿಸುತ್ತದೆ. ಒಂದು ಕೋಟಿ ಮೂರು ಲಕ್ಷ ಚಿಲ್ಲರೆ ಬರುತ್ತದೆ. ಇದು ದರವಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ, ಹಾಗಾಗಿ ಅಪಾಯ ಕಡಿಮೆ. ಎರಡನೇ ಬ್ರಾಕೆಟ್ ಬಿಟ್ಟು ^ 1 ÷ 10 ಎಂದರೆ 0.1156 ಬರುತ್ತದೆ. ಇದು ಮೋಸದ ಸಂಖ್ಯೆ. ನೋಡಲು ಶೇ. 11.56 ದರದ ಹಾಗಿದೆ. ನಿಜದಲ್ಲಿ ಅದು 1.156 ಎಂಬ ಅನುಪಾತವನ್ನು ಸುಮ್ಮನೆ ಹತ್ತರಿಂದ ಭಾಗಿಸಿದ್ದು. ಹತ್ತನೇ ಮೂಲ ತೆಗೆದಾಗ ಉತ್ತರ 1ಕ್ಕೆ ತೀರ ಹತ್ತಿರ ಇರಲೇಬೇಕು ಎಂಬ ಅಂದಾಜು ತಲೆಯಲ್ಲಿದ್ದರೆ ಇಲ್ಲಿ ಸಿಕ್ಕಿಬೀಳುವುದಿಲ್ಲ.

ಎಂಟೆಂಟು ಅಂಕಿಗಳನ್ನು ಒತ್ತುವಾಗ ಒಂದು ಅಂಕಿ ಜಾರುವುದು ಇನ್ನೊಂದು ಮಾಮೂಲಿ ಎಡವಟ್ಟು. ಮೇಲಿನ ಸಾಲಿನಲ್ಲಿ ಅಂಕಿಗಳು ಒಂದಕ್ಕೊಂದು ಅಂಟಿಕೊಂಡೇ ಕಾಣುತ್ತವೆ. ಕೆಳಗಿನ ಸಾಲು ಮೂರು ಮೂರು ಅಂಕಿಗೆ ಬಿಡಿಸಿ ತೋರಿಸುತ್ತದೆ, ನಮ್ಮ ಲಕ್ಷ–ಕೋಟಿಗೆ ಅದು ಹೊಂದುವುದಿಲ್ಲ. ದರ ಮಾತ್ರ ಬೇಕಿದ್ದರೆ ಲಕ್ಷಗಳಲ್ಲೇ ಒತ್ತಿ: 610.95 ÷ 528.51. ಉತ್ತರ ಶೇ. 1.460 ಆಗಿಯೇ ಬರುತ್ತದೆ.

ಈಗ ಆ ಸೆಟ್ಟಿಂಗ್ ವಿಷಯ. ಅಂಗಡಿಯಿಂದ ಬಂದಾಗ ಈ ಯಂತ್ರ ‘ನಾರ್ಮ್ 1’ ಎಂಬ ಸ್ಥಿತಿಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ 0.01ಕ್ಕಿಂತ ಚಿಕ್ಕ ಸಂಖ್ಯೆ ಬಂದ ಕೂಡಲೇ ಅದನ್ನು ಹತ್ತರ ಘಾತಕ್ಕೆ ತಿರುಗಿಸಿ ತೋರಿಸುತ್ತದೆ. ಕರ್ನಾಟಕದ 0.0146ಕ್ಕೆ ತೊಂದರೆ ಇಲ್ಲ. ಕೊಡಗು ಜಿಲ್ಲೆಯ ಲೆಕ್ಕ ಮಾಡಿ ನೋಡಿ: 2001ರಲ್ಲಿ 5,48,561, 2011ರಲ್ಲಿ 5,54,519. ಹತ್ತನೇ ಮೂಲ ತೆಗೆದು 1 ಕಳೆದರೆ ತೆರೆಯ ಮೇಲೆ 1.0808 ಚಿಲ್ಲರೆ ದೊಡ್ಡದಾಗಿ, ಬಲತುದಿಯಲ್ಲಿ ×10 ಮತ್ತು ಅದರ ಮೇಲೆ −03 ಚಿಕ್ಕದಾಗಿ ಕಾಣುತ್ತದೆ. ಅವಸರದ ಕಣ್ಣು ಆ ಚಿಕ್ಕ ಅಂಕಿಯನ್ನು ನುಂಗಿ ‘ವಾರ್ಷಿಕ ದರ ಶೇ. 1.08’ ಎಂದು ಬರೆದುಬಿಡುತ್ತದೆ. ಸರಿಯಾದ ಉತ್ತರ ಶೇ. 0.108. ಇದರಲ್ಲೊಂದು ಕುಚೋದ್ಯವೂ ಇದೆ: ಕೊಡಗಿನ ಹತ್ತು ವರ್ಷದ ಒಟ್ಟು ಬೆಳವಣಿಗೆ ಶೇ. 1.09. ಅಂದರೆ ತಪ್ಪು ಉತ್ತರ ಗಣತಿ ಪಟ್ಟಿಯಲ್ಲಿರುವ ಸಂಖ್ಯೆಗೆ ಹೆಚ್ಚುಕಡಿಮೆ ತಾಳೆಯಾಗುತ್ತದೆ, ತಪ್ಪಿದೆ ಎಂದು ಯಾರಿಗೂ ಅನುಮಾನವೇ ಬರುವುದಿಲ್ಲ. ಚಿಕ್ಕಮಗಳೂರಿನಲ್ಲಿ ಆ ದಶಕದಲ್ಲಿ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿಯಿತು. ಅಲ್ಲಿ ತೆರೆಗೆ ಬರುವುದು −2.58, ಮೂಲೆಯಲ್ಲಿ −04. ಒಂದು ಋಣ ಚಿಹ್ನೆ ಇಳಿಕೆಯದು, ಇನ್ನೊಂದು ಘಾತದ್ದು. ಎರಡನ್ನೂ ಬೇರೆ ಬೇರೆ ಓದಬೇಕು.

ಪರಿಹಾರ ಅರ್ಧ ನಿಮಿಷದ್ದು. ಮೋಡ್ ಕೀಲಿಯನ್ನು ಮೂರು ಸಲ ಒತ್ತಿ. ಫಿಕ್ಸ್, ಸೈ, ನಾರ್ಮ್ ಎಂಬ ಮೂರು ಆಯ್ಕೆ ಬರುತ್ತವೆ. 3 ಒತ್ತಿ, ನಂತರ 2. ಈಗ ಕೊಡಗಿನ ದರ 0.001080842 ಎಂದು ನೆಟ್ಟಗೆ ಕಾಣುತ್ತದೆ. ಶಿಫ್ಟ್, ಸಿಎಲ್ಆರ್, 3, = ಒತ್ತಿ ಎಲ್ಲವನ್ನೂ ಅಳಿಸಿದರೆ ಯಂತ್ರ ಮತ್ತೆ ನಾರ್ಮ್ 1ಕ್ಕೆ ಮರಳುತ್ತದೆ ಎಂಬುದನ್ನು ಮರೆಯಬೇಡಿ. ಗೆಳೆಯರಿಂದ ಎರವಲು ತಂದ ಯಂತ್ರದಲ್ಲಿ 1 ÷ 200 = ಒತ್ತಿ ನೋಡಿ: 0.005 ಬಂದರೆ ಸರಿ, ಮೂಲೆಯಲ್ಲಿ −03 ಬಂದರೆ ಬದಲಿಸಿಕೊಳ್ಳಿ. ಫಿಕ್ಸ್ 2 (ಎರಡೇ ದಶಮಾಂಶ ಸ್ಥಾನ) ಹಾಕಿದ ಯಂತ್ರ ಸಿಕ್ಕರಂತೂ ಇನ್ನೂ ಕಷ್ಟ; ಕೊಡಗಿನ ದರ 0.00 ಎಂದೇ ಕಾಣುತ್ತದೆ.

ದಶಮಾಂಶವನ್ನು ಎಲ್ಲಿ ಮೊಟಕು ಮಾಡುತ್ತೀರಿ ಎಂಬುದು ಈ ಲೆಕ್ಕದಲ್ಲಿ ತೀರ ಮುಖ್ಯ, ಏಕೆಂದರೆ ಘಾತ ತಪ್ಪನ್ನೂ ಬೆಳೆಸುತ್ತದೆ. ದರವನ್ನು ಶೇ. 1.5 ಎಂದು ದುಂಡಗೆ ಮಾಡಿ 2001ರಿಂದ ಹತ್ತು ವರ್ಷ ಮುಂದೆ ಹೋದರೆ 6,13,35,235 ಬರುತ್ತದೆ. ಗಣತಿಯ ಸಂಖ್ಯೆಗಿಂತ 2.4 ಲಕ್ಷ ಹೆಚ್ಚು. ಶೇ. 1.46 ಇಟ್ಟರೆ ವ್ಯತ್ಯಾಸ ಸುಮಾರು 1,350ಕ್ಕೆ ಇಳಿಯುತ್ತದೆ. 1.014602 ಇಟ್ಟರೆ ನೂರೈವತ್ತರ ಒಳಗೆ. ಸಂಖ್ಯೆಯನ್ನು ಕಾಗದದಿಂದ ಮತ್ತೆ ಒತ್ತುವ ಬದಲು ಯಂತ್ರದಲ್ಲೇ ಉಳಿಸಿಕೊಳ್ಳುವುದು ಉತ್ತಮ: ಹತ್ತನೇ ಮೂಲ ಬಂದ ಕೂಡಲೇ ಶಿಫ್ಟ್, ಎಸ್‌ಟಿಒ, ಎ. ಮುಂದೆ ಎಲ್ಲ ಕಡೆ ಆಲ್ಫಾ ಎ. ಯಂತ್ರ ಆರಿಸಿದರೂ ಇದು ಉಳಿಯುತ್ತದೆ. ಬಾಣದ ಕೀಲಿಯಿಂದ ಹಿಂದಿನ ಲೆಕ್ಕಗಳನ್ನು ತೋರಿಸುವ ರೀಪ್ಲೇ ಮಾತ್ರ ಯಂತ್ರ ಆರಿದಾಗ, ಮೋಡ್ ಬದಲಿಸಿದಾಗ ಅಳಿಸಿಹೋಗುತ್ತದೆ.

ಹತ್ತು ವರ್ಷದ ಶೇ. 15.60 ಅನ್ನು ಹತ್ತರಿಂದ ಭಾಗಿಸಿ ವಾರ್ಷಿಕ ಶೇ. 1.56 ಎಂದು ಬರೆಯುವುದು ಯಂತ್ರದ ತಪ್ಪಲ್ಲ, ಕಾಗದದ್ದು. ಆದರೂ ಯಂತ್ರದಲ್ಲೇ ಅದನ್ನು ಪರೀಕ್ಷಿಸಿಕೊಳ್ಳಬಹುದು. 52850562 × 1.0156 ^ 10 ಒತ್ತಿದರೆ 6.17 ಕೋಟಿ, ಅಂದರೆ ಆರು ಲಕ್ಷ ಹೆಚ್ಚು. ವೇಗವಾಗಿ ಬೆಳೆದ ಕಡೆ ಈ ಅಂತರ ಇನ್ನೂ ಅಗಲ. ಬೆಂಗಳೂರು ನಗರ ಜಿಲ್ಲೆ 65,37,124ರಿಂದ 96,21,551ಕ್ಕೆ ಏರಿತು, ದಶಕಕ್ಕೆ ಶೇ. 47.18. ಭಾಗಿಸಿದರೆ ವರ್ಷಕ್ಕೆ 4.72, ಹತ್ತನೇ ಮೂಲದಿಂದ ಬರುವ ನಿಜವಾದ ದರ 3.94. ಭಾಗಿಸಿ ತಂದ ದರದಲ್ಲಿ ಮುಂದೆ ಹೋದರೆ 2011ಕ್ಕೆ ಒಂದು ಕೋಟಿ ಮೂರೂವರೆ ಲಕ್ಷ ದಾಟಿ, ಏಳು ಲಕ್ಷಕ್ಕೂ ಹೆಚ್ಚು ಜನರನ್ನು ನೀವೇ ಸೃಷ್ಟಿಸಿರುತ್ತೀರಿ.

ಶೇಕಡಾ ಕೀಲಿ ಇರುವುದು = ಕೀಲಿಯ ಮೇಲೆ, ಶಿಫ್ಟ್ ಒತ್ತಿದ ನಂತರ. ಅದರ ವ್ಯಾಕರಣವೇ ಬೇರೆ. 61095297 − 52850562 ಒತ್ತಿ ಶಿಫ್ಟ್ % ಎಂದರೆ ನೇರವಾಗಿ 15.60009, ಅಂದರೆ ದಶಕದ ಬೆಳವಣಿಗೆ ಬರುತ್ತದೆ. ಕಳೆದು, ಭಾಗಿಸಿ, ನೂರರಿಂದ ಗುಣಿಸುವ ಗೋಜಿಲ್ಲ. ನಿಮ್ಮ ಯಂತ್ರದಲ್ಲಿ 46 − 40 ಶಿಫ್ಟ್ % ಒತ್ತಿ ನೋಡಿ. 15 ಬಂದರೆ ಇದೇ ವ್ಯಾಕರಣ. ಹಾಗೆಯೇ 52850562 × 15.6 ಶಿಫ್ಟ್ % ಆದ ಮೇಲೆ + ಒತ್ತಿದರೆ ಶೇ. 15.6 ಕೂಡಿಸಿದ ಮೊತ್ತ ಸಿಗುತ್ತದೆ.

ಕೊನೆಯಲ್ಲಿ − ಒತ್ತಿದರೆ ಅಷ್ಟು ಪ್ರತಿಶತ ಕಳೆಯುತ್ತದೆ. ‘ಇಷ್ಟು ಶೇಕಡಾ ಹೆಚ್ಚಿ ಈಗ ಇಷ್ಟಾಗಿದೆ, ಮೊದಲು ಎಷ್ಟಿತ್ತು?’ ಎಂಬ ಪ್ರಶ್ನೆಗೆ ಎಲ್ಲರೂ ಬೀಳುವ ಹಳ್ಳ ಇದೇ. 61095297 × 15.6 ಶಿಫ್ಟ್ % − ಎಂದರೆ 5,15,64,430 ಬರುತ್ತದೆ, ನಿಜವಾಗಿ ಇದ್ದದ್ದು 5,28,50,562. ಹತ್ತಿರ ಹತ್ತಿರ 13 ಲಕ್ಷ ಖೋತಾ. ಹೆಚ್ಚಿದ್ದು ಹಳೆಯ ಸಂಖ್ಯೆಯ ಮೇಲಿನ 15.6, ಕೀಲಿ ಕಳೆಯುತ್ತಿರುವುದು ಹೊಸ ಸಂಖ್ಯೆಯ ಮೇಲಿನ 15.6. ಹಿಂದಕ್ಕೆ ಹೋಗುವಾಗ 1.156ರಿಂದ ಭಾಗಿಸಬೇಕು, ಶೇಕಡಾ ಕೀಲಿಯ ತಂಟೆಗೇ ಹೋಗಬಾರದು. ಮೊದಲ ವರ್ಷ ಶೇ. 5 ಏರಿ ಎರಡನೇ ವರ್ಷ ಶೇ. 5 ಇಳಿಯಿತು ಎಂಬ ಲೆಕ್ಕಕ್ಕೂ ಅಷ್ಟೆ: 1.05 × 0.95 = 0.9975, ಮೊದಲಿನಷ್ಟಕ್ಕೆ ಬರುವುದಿಲ್ಲ.

ಎರಡು ಪಟ್ಟಾಗುವ ಕಾಲಕ್ಕೆ ಲಾಗ್ 2 ÷ ಲಾಗ್ ಎ =. ಉತ್ತರ 47.8 ವರ್ಷ. ಲಾಗ್ ಬದಲು ಎಲ್‌ಎನ್ ಒತ್ತಿದರೂ ಅದೇ. ಮೇಲೊಂದು ಕೆಳಗೊಂದು ಬೆರೆಸಬಾರದು ಅಷ್ಟೆ. ಬಾಯಿಲೆಕ್ಕದ ಜನ 70ನ್ನು ದರದಿಂದ ಭಾಗಿಸುತ್ತಾರೆ: 70 ÷ 1.46, ಸುಮಾರು 48. ಯಂತ್ರದ ಉತ್ತರ ಇದಕ್ಕೆ ಹತ್ತಿರವಿಲ್ಲದಿದ್ದರೆ ಎಲ್ಲೋ ಕೀಲಿ ತಪ್ಪಿದೆ ಎಂದರ್ಥ.

ಇಲ್ಲಿ ಬ್ರಾಕೆಟ್ ಬೇಕಾಗಲಿಲ್ಲ. ಎರಡು ಪಟ್ಟಿನ ಬದಲು ನಿರ್ದಿಷ್ಟ ಸಂಖ್ಯೆ ಕೇಳಿದರೆ ಬೇಕು. ಬೆಂಗಳೂರು ನಗರ ಜಿಲ್ಲೆ ಅದೇ ದರದಲ್ಲಿ ಬೆಳೆದರೆ 2011ರ ನಂತರ ಎಷ್ಟು ವರ್ಷಕ್ಕೆ ಒಂದೂವರೆ ಕೋಟಿ ಮುಟ್ಟುತ್ತದೆ? ಲಾಗ್ (15000000 ÷ 9621551) ÷ ಲಾಗ್ 1.0394075 = ಎಂದರೆ 11.49. ಎಂಎಸ್ ಸರಣಿಯಲ್ಲಿ ಲಾಗ್ ಒತ್ತಿದಾಗ ಬ್ರಾಕೆಟ್ ತಾನಾಗಿ ತೆರೆಯುವುದಿಲ್ಲ. ಪಕ್ಕದಲ್ಲಿರುವ ಒಂದೇ ಸಂಖ್ಯೆಗೆ ಲಾಗ್ ಅಂಟಿಕೊಳ್ಳುತ್ತದೆ. ಲಾಗ್ 15000000 ÷ 9621551 ಅಷ್ಟನ್ನೇ ಒತ್ತಿದರೆ ಒಂದೂವರೆ ಕೋಟಿಯ ಲಾಗ್ ಆದ 7.176ನ್ನು ತೊಂಬತ್ತಾರು ಲಕ್ಷದಿಂದ ಭಾಗಿಸಿ ಸೊನ್ನೆಗೆ ಅಂಟಿದ ಯಾವುದೋ ಸಂಖ್ಯೆ ಕೊಡುತ್ತದೆ. ಬ್ರಾಕೆಟ್ ತಾನಾಗಿ ತೆರೆಯುವ, ಕ್ಯಾಸಿಯೊದ್ದೇ ಇಎಸ್ ಸರಣಿಯ ಯಂತ್ರ ಬಳಸಿ ರೂಢಿಯಾದವರು ಎಂಎಸ್‌ಗೆ ಬಂದಾಗ ಎಡವುವುದು ಮುಖ್ಯವಾಗಿ ಇಲ್ಲೇ.

ವರ್ಷವಾರು ಪಟ್ಟಿ ಬೇಕೆಂದರೆ 82ಎಂಎಸ್‌ನಲ್ಲಿ ಟೇಬಲ್ ಸೌಲಭ್ಯ ಇಲ್ಲ, ಆದರೆ ಒಂದು ಕಳ್ಳದಾರಿ ಇದೆ. 52850562 = ಒತ್ತಿ. ನಂತರ × ಆಲ್ಫಾ ಎ =. ಇದು 2002. ಇನ್ನು = ಒತ್ತಿದಂತೆಲ್ಲ 2003, 2004... ಎಂದು ಸಾಲಾಗಿ ಬರುತ್ತವೆ. ಹತ್ತನೆಯದು 2011ರ ಗಣತಿಗೆ ಕೂಡಿಕೊಳ್ಳಬೇಕು. ಎಷ್ಟು ಸಲ ಒತ್ತಿದಿರಿ ಎಂದು ಯಂತ್ರ ಎಣಿಸುವುದಿಲ್ಲ, ಬೆರಳು ಮಡಚಿಕೊಂಡು ಒತ್ತಿ.

ಬಹಳ ಜನ ಮುಟ್ಟದೇ ಬಿಡುವ, ಆದರೆ ಈ ಲೆಕ್ಕಕ್ಕೆ ಹೇಳಿ ಮಾಡಿಸಿದ ಭಾಗ ರಿಗ್ರೆಶನ್, ಅಂದರೆ ಕೊಟ್ಟ ಸಂಖ್ಯೆಗಳಿಗೆ ಚೆನ್ನಾಗಿ ಹೊಂದುವ ರೇಖೆ ಹುಡುಕುವುದು. ಮೋಡ್, 3, ನಂತರ 3 ಒತ್ತಿದರೆ ಘಾತೀಯ ರೇಖೆ. ಮೊದಲು ಹಳೆಯ ದತ್ತಾಂಶ ತೊಳೆಯಿರಿ: ಶಿಫ್ಟ್, ಸಿಎಲ್ಆರ್, 1, =. ಇದನ್ನು ಬಿಟ್ಟರೆ ಹಿಂದಿನ ಲೆಕ್ಕದ ಜೋಡಿಗಳೂ ಸೇರಿಕೊಂಡು ಉತ್ತರ ಕಲಸುಮೇಲೋಗರವಾಗುತ್ತದೆ. 1991ರ 4,49,77,201 ಅನ್ನೂ ಸೇರಿಸಿ ಮೂರು ಜೋಡಿ ಕೊಡಿ: 0, 44977201; 10, 52850562; 20, 61095297. ಜೋಡಿಯ ಎರಡು ಸಂಖ್ಯೆಗಳ ನಡುವೆ ಅಲ್ಪವಿರಾಮದ ಕೀಲಿ, ಪ್ರತಿ ಜೋಡಿಯ ಕೊನೆಗೆ ಎಂ+ ಕೀಲಿ. ಇಸವಿಯನ್ನೇ ಕೊಡಬೇಡಿ. 1991, 2001 ಎಂದು ಕೊಟ್ಟರೂ ರೇಖೆ ಅದೇ ಬರುತ್ತದೆ, ಆದರೆ ಆರಂಭದ ಸಂಖ್ಯೆಯ ಜಾಗದಲ್ಲಿ ಕ್ರಿಸ್ತಶಕ ಸೊನ್ನೆಯ ‘ಜನಸಂಖ್ಯೆ’ ಎಂದು ಒಬ್ಬ ಮನುಷ್ಯನ ಹತ್ತು ಲಕ್ಷದಲ್ಲಿ ಎರಡು–ಮೂರು ಪಾಲಿನಷ್ಟು ಕಾಣುತ್ತದೆ.

ಶಿಫ್ಟ್, 2, ಬಲಬಾಣ ಎರಡು ಸಲ ಒತ್ತಿದರೆ ಎ, ಬಿ, ಆರ್ ಎಂಬ ಮೂರು. ಆರಂಭದ ಸಂಖ್ಯೆಯಾದ ಎ ಸುಮಾರು 4.51 ಕೋಟಿ, ಬಿ 0.0153, ರೇಖೆ ಎಷ್ಟು ಹೊಂದುತ್ತದೆ ಎಂದು ಹೇಳುವ ಆರ್ 0.9995. ಬಿ ಎಂಬುದು ನಿರಂತರ ಬೆಳವಣಿಗೆಯ ದರ. ವಾರ್ಷಿಕ ದರ ಬೇಕಿದ್ದರೆ ಇ (2.718...) ಘಾತ ಬಿ ತೆಗೆದು 1 ಕಳೆಯಿರಿ, ಶೇ. 1.54. ಆರ್ 1ಕ್ಕೆ ಇಷ್ಟು ಹತ್ತಿರ ಬಂತೆಂದು ಹಿಗ್ಗಬಾರದು. ಇದೇ ರೇಖೆಯನ್ನು 30ಕ್ಕೆ, ಅಂದರೆ 2021ಕ್ಕೆ ಎಳೆದರೆ 7.14 ಕೋಟಿ, ಕೊನೆಯ ದಶಕದ ದರವನ್ನಷ್ಟೇ ನಂಬಿದರೆ 7.06 ಕೋಟಿ, ಹಿಂದಿನ ದಶಕದಲ್ಲಿ ಹೆಚ್ಚಿದಷ್ಟೇ ಜನರನ್ನು ಕೂಡಿದರೆ 6.93 ಕೋಟಿ. ಒಂದೇ ಯಂತ್ರ, ಅವೇ ಗಣತಿಗಳು, ಇಪ್ಪತ್ತು ಲಕ್ಷದ ಅಂತರ. ಕರ್ನಾಟಕದ ದಶಕದ ಬೆಳವಣಿಗೆ 1991ರಲ್ಲಿ ಶೇ. 21.12, 2001ರಲ್ಲಿ 17.51, 2011ರಲ್ಲಿ 15.60 ಎಂದು ಇಳಿಯುತ್ತಲೇ ಬಂದಿದೆ. ದರವೇ ಇಳಿಯುತ್ತಿರುವಾಗ ಸ್ಥಿರ ದರದ ಸೂತ್ರ ಮೇಲಕ್ಕೇ ಹಾರುತ್ತದೆ, ಆರ್ ಎಷ್ಟೇ ಚೆಂದ ಇರಲಿ. 2021ರ ಗಣತಿ ನಡೆಯಲಿಲ್ಲ. ಮುಂದಿನದರ ಉಲ್ಲೇಖ ದಿನ 2027ರ ಮಾರ್ಚ್ 1. 61095297 × 1.01460224 ^ 16 ಎಂದರೆ 7.70 ಕೋಟಿ ಬರುತ್ತದೆ. ಪ್ರಶ್ನೆಯಲ್ಲಿ ‘ಅದೇ ದರದಲ್ಲಿ’ ಎಂದಿದ್ದರೆ ಅದನ್ನು ಬರೆಯಿರಿ, ಆ ಮಾತಿಲ್ಲದಿದ್ದರೆ ಬರೆಯಬೇಡಿ. ಒಂದು ಎಚ್ಚರಿಕೆ: ಮೋಡ್ 1 ಒತ್ತಿ ಮಾಮೂಲಿ ಲೆಕ್ಕಕ್ಕೆ ಮರಳದಿದ್ದರೆ ಎಂ+ ಕೀಲಿ ಕೂಡಿಸುವ ಬದಲು ದತ್ತಾಂಶ ತುಂಬುತ್ತಲೇ ಇರುತ್ತದೆ.

ಹಾಗಾದರೆ ಎಫ್‌ಎಕ್ಸ್-991ಇಎಸ್ ಪ್ಲಸ್‌ಗೆ ಹೆಚ್ಚು ದುಡ್ಡು ಕೊಡಬೇಕೇ? ಅದರಲ್ಲಿ ಭಿನ್ನರಾಶಿ, ಘಾತ, ಮೂಲ ಪುಸ್ತಕದಲ್ಲಿದ್ದಂತೆಯೇ ಕಾಣುತ್ತವೆ. ಆದ್ದರಿಂದ ಮೇಲೆ ಹೇಳಿದ ಬ್ರಾಕೆಟ್ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಟೇಬಲ್ ಇದೆ. ಸಾಲ್ವ್ ಇದೆ: 52850562 × (1 + ಎಕ್ಸ್)^10 = 61095297 ಎಂದು ಇಡೀ ಸಮೀಕರಣ ಬರೆದು ಬಿಡಿಸಲು ಹೇಳಬಹುದು. ಆದರೆ ಘಾತ ಸಮಸಂಖ್ಯೆಯಾದ್ದರಿಂದ ಈ ಸಮೀಕರಣಕ್ಕೆ ಎರಡು ವಾಸ್ತವ ಉತ್ತರಗಳಿವೆ, 0.0146 ಮತ್ತು −2.0146. ಸಾಲ್ವ್ ಒಂದು ಊಹೆಯಿಂದ ಶುರುಮಾಡಿ ಹತ್ತಿರ ಹತ್ತಿರ ಸರಿಯುವ ನ್ಯೂಟನ್ ವಿಧಾನ ಬಳಸುತ್ತದೆ. ಹಿಂದಿನ ಲೆಕ್ಕದ ಎಕ್ಸ್ −3 ಆಗಿ ಉಳಿದಿದ್ದರೆ ಅದು ಎರಡನೆಯದಕ್ಕೆ ಹೋಗಿ ಕೂರಬಹುದು. ಆರಂಭದ ಊಹೆ ಕೇಳಿದಾಗ 0.01 ಕೊಟ್ಟರೆ ಸರಿದಾರಿ ಹಿಡಿಯುತ್ತದೆ. ಎಂಜಿನಿಯರಿಂಗ್‌ಗೆ ಹೋಗುವವರಿಗೆ ಆ ಹಣ ದಂಡವಲ್ಲ. ಬರೀ ಇಂಥ ಲೆಕ್ಕಕ್ಕೆ ಬೇಕಿಲ್ಲ.

ಫೋನಿನ ಕ್ಯಾಲ್ಕುಲೇಟರ್ ಪುಕ್ಕಟೆ. ಅಡ್ಡ ಹಿಡಿದರೆ ಘಾತ, ಲಾಗ್ ಸಿಗುತ್ತವೆ. ಮನೆಯಲ್ಲಿ ತಾಳೆ ನೋಡಲು ಅಡ್ಡಿಯಿಲ್ಲ, ಪರೀಕ್ಷೆ ಕೊಠಡಿಗೆ ಒಯ್ಯುವಂತಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಯಾವ ಕ್ಯಾಲ್ಕುಲೇಟರೂ ಇಲ್ಲ. ಅಲ್ಲಿ ಬರುವ ಲೆಕ್ಕಗಳು ಕೈಯಲ್ಲೇ ಮುಗಿಯುತ್ತವೆ.

ಉಳಿದಂತೆ ಯಂತ್ರದ ಮೈಕಟ್ಟು ಗಟ್ಟಿ. ಜಾರಿಸಿ ತೊಡಿಸುವ ಮುಚ್ಚಳ ಬಳಸುವಾಗ ಬೆನ್ನಿಗೆ ಕೂರುತ್ತದೆ. ಸೌರಪಟ್ಟಿ ಇಲ್ಲ, ಒಂದು ಪೆನ್ಸಿಲ್ ಸೆಲ್ ಮೇಲೆ ನಡೆಯುತ್ತದೆ. ತೆರೆಯ ಅಂಕಿಗಳು ಮಸುಕಾಗತೊಡಗಿದರೆ ಪರೀಕ್ಷೆಯ ವಾರಕ್ಕೆ ಮೊದಲೇ ಬದಲಿಸಿ. ಸೆಲ್ ಬದಲಿಸಿದ ಮೇಲೆ 1 ÷ 200 ಒತ್ತಿ ನೋಡುವುದನ್ನು ಬಿಡಬೇಡಿ, ನಾರ್ಮ್ 1 ಮತ್ತೆ ಬಂದು ಕೂತಿರಬಹುದು.